ಐತಿಹಾಸಿಕ ಕಾದಂಬರಿಗಳ ಸಣ್ಣ ಪ್ರಕಾಶನ: ಮುಂದಿನ ವರ್ಷದ ಯೋಜನೆ ಹಾಕುವುದು ಹೇಗೆ?

ಒಬ್ಬರೋ ಇಬ್ಬರೋ ಸೇರಿ ನಡೆಸುವ ಪ್ರಕಾಶನಗಳಲ್ಲಿ ಪ್ರತಿ ವರ್ಷ ಒಂದೇ ಕತೆ. ಜನವರಿಯಲ್ಲಿ ಆರು ಕಾದಂಬರಿ ತರುತ್ತೇವೆ ಅಂತ ಹೇಳಿರುತ್ತಾರೆ. ಅಕ್ಟೋಬರ್ ಕೊನೆಗೆ ಎರಡು ಬಂದಿರುತ್ತವೆ. ಮೂರನೆಯದು ಪ್ರೆಸ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಬಂದ ಎರಡರಲ್ಲೂ ಓದುಗರು ಇತಿಹಾಸದ ತಪ್ಪು ಹುಡುಕಿ ಫೋನ್ ಮಾಡುತ್ತಿರುತ್ತಾರೆ.

ಇಲ್ಲಿ ಶ್ರಮಕ್ಕೆ ಕೊರತೆ ಇರುವುದಿಲ್ಲ. ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ, ಅಷ್ಟೇ. ಮೊದಲು ಪುಸ್ತಕದ ಪಟ್ಟಿ ಮಾಡಿ, ಆಮೇಲೆ ದುಡ್ಡು ಹುಡುಕುತ್ತಾರೆ. ಮೊದಲು ಪುಟ ಕಟ್ಟಿಸಿ, ಆಮೇಲೆ ಇತಿಹಾಸ ನೋಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

ಕೈಲಿ ಇರಬೇಕಾದವು

ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಒಂದು ಎಕ್ಸೆಲ್ ಹಾಳೆ, ಗೋಡೆಗೆ ತೂಗುಹಾಕುವ ದೊಡ್ಡ ಕ್ಯಾಲೆಂಡರ್, ಲೇಖಕರ ಜೊತೆಗಿನ ಒಪ್ಪಂದಗಳ ಫೈಲು, ಅಂಗಡಿ ಮತ್ತು ವಿತರಕರ ಬಾಕಿ ಪಟ್ಟಿ, ಕನಿಷ್ಠ ಎರಡು ಪ್ರೆಸ್‌ಗಳಿಂದ ಬರೆಸಿಕೊಂಡ ದರಪಟ್ಟಿ. ದರಪಟ್ಟಿ ಹೊಸದಾಗಿರಬೇಕು. ಕಾಗದದ ಬೆಲೆ ಬದಲಾಗುತ್ತಲೇ ಇರುತ್ತದೆ, ಹೋದ ವರ್ಷದ ದರದಲ್ಲಿ ಲೆಕ್ಕ ಹಾಕಿದರೆ ಪುಸ್ತಕ ಅಚ್ಚಾಗುವ ಹೊತ್ತಿಗೆ ಕೈ ಕಚ್ಚುತ್ತದೆ.

ಹಂತ 1: ಗೋಡೌನ್ ಎಣಿಸಿ, ಬಾಕಿ ಬರೆದಿಡಿ

ಡಿಸೆಂಬರ್‌ನಲ್ಲಿ ಒಂದು ದಿನ ಕೂತು ಇರುವ ಪ್ರತಿಗಳನ್ನು ಕೈಯಾರೆ ಎಣಿಸಿ. ಕಟ್ಟು ಬಿಚ್ಚಿ ನೋಡಿ. ತಳದ ಕಟ್ಟುಗಳಿಗೆ ಗೆದ್ದಲು ಹತ್ತಿರಬಹುದು, ಮುಖಪುಟ ಮಾಸಿರಬಹುದು. ಅವನ್ನು ಮಾರಾಟದ ಲೆಕ್ಕಕ್ಕೆ ಸೇರಿಸಬೇಡಿ. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಪ್ರತಿಗಳ ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳಿ.

ಆಮೇಲೆ ದುಡ್ಡು. ಎರಡು ಕಾಲಂ ಮಾಡಿ: ಬ್ಯಾಂಕಿನಲ್ಲಿ ಇರುವುದು, ಬರಬೇಕಾಗಿರುವುದು. ಹೆಚ್ಚಿನ ಪ್ರಕಾಶಕರು ಎಡವುವುದು ಈ ಎರಡನೇ ಕಾಲಂನಲ್ಲಿ. ವಿತರಕರು ಕೊಡಬೇಕಾದ್ದು, ಗ್ರಂಥಾಲಯ ಖರೀದಿಯಿಂದ ಬರಬೇಕಾದ್ದು, ಎಲ್ಲವನ್ನೂ ಬಂದೇ ಬಿಟ್ಟಿತು ಅಂತ ಕೂಡಿಸಿಕೊಳ್ಳುತ್ತಾರೆ. ಸರ್ಕಾರದ ಬಿಲ್ಲು ಯಾವಾಗ ಪಾಸಾಗುತ್ತದೆ ಅಂತ ಯಾರೂ ಹೇಳಲಾರರು. ಬಂದ ದಿನ ಖುಷಿಪಡಿ. ಅಲ್ಲಿಯವರೆಗೆ ಯೋಜನೆಯಲ್ಲಿ ಅದರ ಬೆಲೆ ಸೊನ್ನೆ.

ಹಂತ 2: ಎಷ್ಟು ಪುಸ್ತಕ ಅಂತ ದುಡ್ಡು ಹೇಳಲಿ

ಒಂದು ಉದಾಹರಣೆ ತಗೊಳ್ಳೋಣ. 500 ಪ್ರತಿಗಳ ಒಂದು ಕಾದಂಬರಿ. ಅಕ್ಷರ ಜೋಡಣೆ, ಕರಡು ತಿದ್ದುವಿಕೆ, ಇತಿಹಾಸ ಪರಿಶೀಲನೆ, ಮುಖಪುಟ, ಮುದ್ರಣ ಎಲ್ಲ ಸೇರಿ 70,000 ರೂಪಾಯಿ ಖರ್ಚು ಅಂತಿಟ್ಟುಕೊಳ್ಳಿ. ಮುಖಬೆಲೆ 350. ಲೇಖಕರ ಗೌರವಧನ ಶೇ. 10, ಅಂದರೆ 35.

ಅಂಗಡಿಗೆ ಶೇ. 40 ರಿಯಾಯಿತಿ ಕೊಟ್ಟರೆ ನಿಮಗೆ ಬರುವುದು 210. ಗೌರವಧನ ಕಳೆದರೆ 175. ಹಾಕಿದ ದುಡ್ಡು ವಾಪಸ್ ಬರಲು 400 ಪ್ರತಿ ಮಾರಬೇಕು. ಲೇಖಕರ ಪ್ರತಿ, ವಿಮರ್ಶೆಗೆ ಕಳಿಸುವ ಪ್ರತಿ, ಗೌರವ ಪ್ರತಿ ಅಂತ ಒಂದು 50 ಹೋದರೆ ನಿಮ್ಮ ಬಳಿ ಇರುವುದೇ 450. ಅಂದರೆ ಲಾಭಕ್ಕೆ ಉಳಿಯುವುದು ಬರೀ 50 ಪ್ರತಿ.

ಅದೇ ಪುಸ್ತಕವನ್ನು ನೀವೇ ನೇರವಾಗಿ ಓದುಗರಿಗೆ ಶೇ. 10 ರಿಯಾಯಿತಿಯಲ್ಲಿ ಮಾರಿ, ಅಂಚೆ ವೆಚ್ಚ ಬೇರೆ ತಗೊಂಡರೆ 315 ಬರುತ್ತದೆ. ಗೌರವಧನ ಕಳೆದು 280. ಆಗ 250 ಪ್ರತಿಗೇ ಅಸಲು ಬಂದುಬಿಡುತ್ತದೆ. ಸಣ್ಣ ಪ್ರಕಾಶನದ ಉಳಿವು ಇರುವುದು 400 ಮತ್ತು 250ರ ನಡುವಿನ ಈ ಅಂತರದಲ್ಲೇ. ನಿಮ್ಮ ಮಾರಾಟದಲ್ಲಿ ಎಷ್ಟು ಪಾಲು ನೇರ, ಎಷ್ಟು ಪಾಲು ಅಂಗಡಿ ಅಂತ ಗೊತ್ತಿಲ್ಲದೆ ಪುಸ್ತಕಗಳ ಸಂಖ್ಯೆ ತೀರ್ಮಾನ ಮಾಡಬೇಡಿ.

ಇನ್ನೊಂದು ವಿಷಯ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಹಾಗಾಗಿ ಕಾಗದಕ್ಕೆ, ಮುದ್ರಣಕ್ಕೆ ನೀವು ಕಟ್ಟಿದ ತೆರಿಗೆಯನ್ನು ವಾಪಸ್ ಪಡೆಯುವ ದಾರಿಯೂ ಇಲ್ಲ. ಪ್ರೆಸ್‌ನವರು ದರ ಹೇಳುವಾಗ ತೆರಿಗೆ ಸೇರಿಸಿ ಹೇಳಿದ್ದಾರೋ ಬಿಟ್ಟು ಹೇಳಿದ್ದಾರೋ ಕೇಳಿ ಬರೆಸಿಕೊಳ್ಳಿ.

ಈಗ ನಿಯಮ. ಹಿಂದಿನ ಪುಸ್ತಕದ ಒಂದು ಪ್ರತಿಯೂ ಮಾರಾಟವಾಗದಿದ್ದರೂ ಮುಂದಿನ ಪುಸ್ತಕದ ಮುದ್ರಣಕ್ಕೆ ಬ್ಯಾಂಕಿನಲ್ಲಿ ದುಡ್ಡಿರಬೇಕು. ಈ ಅಳತೆಗೆ ಸರಿಹೊಂದುವಷ್ಟು ಪುಸ್ತಕ ಮಾತ್ರ ಪಟ್ಟಿಗೆ ಬರಲಿ. ಇಬ್ಬರು ನಡೆಸುವ ಪ್ರಕಾಶನಕ್ಕೆ ಮೂರು ಹೊಸ ಕಾದಂಬರಿ ಮತ್ತು ಒಂದು ಮರುಮುದ್ರಣ ಸಾಕು ಅಂತ ನನ್ನ ಅಭಿಪ್ರಾಯ. ಐತಿಹಾಸಿಕ ಕಾದಂಬರಿಗೆ ಬೇರೆ ಕಾದಂಬರಿಗಿಂತ ಜಾಸ್ತಿ ಕೆಲಸ ಇರುತ್ತದೆ. ಆರು ತಂದರೆ ಆರೂ ಅರೆಬೆಂದಿರುತ್ತವೆ.

ಹಂತ 3: ಹಸ್ತಪ್ರತಿ ಆರಿಸಿ, ಹಕ್ಕು ನೋಡಿ

ಪೂರ್ತಿ ಬರೆದು ಮುಗಿಸಿದ ಹಸ್ತಪ್ರತಿ ಮಾತ್ರ ಮುಂದಿನ ವರ್ಷದ ಪಟ್ಟಿಗೆ ಸೇರಲಿ. "ಇನ್ನು ಎರಡೇ ಅಧ್ಯಾಯ ಬಾಕಿ" ಅನ್ನುವುದು ಅದರ ಮುಂದಿನ ವರ್ಷಕ್ಕೆ. ಎಷ್ಟೇ ದೊಡ್ಡ ಲೇಖಕರಾದರೂ ಸರಿ.

ಒಂದೇ ವರ್ಷ ಎರಡು ವಿಜಯನಗರದ ಕಾದಂಬರಿ ಬೇಡ. ಓದುಗರು ಎರಡರಲ್ಲಿ ಒಂದನ್ನು ಕೊಳ್ಳುತ್ತಾರೆ. ಒಂದು ಹೊಯ್ಸಳರ ಕಾಲದ್ದು, ಒಂದು ಕೆಳದಿಯದ್ದು, ಒಂದು ಹತ್ತೊಂಬತ್ತನೇ ಶತಮಾನದ್ದು, ಹೀಗೆ ಬೇರೆ ಬೇರೆ ಕಾಲ ಬರಲಿ. ದಪ್ಪ ಪುಸ್ತಕವೂ ವರ್ಷಕ್ಕೆ ಒಂದೇ ಇರಲಿ.

ಒಪ್ಪಂದವನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ, ಹಕ್ಕು ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಅದು ಐದು ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳದ ಹೊರತು ಅದು ಬಿದ್ದುಹೋಗುತ್ತದೆ. ವರ್ಷಗಟ್ಟಲೆ ಹಸ್ತಪ್ರತಿ ಇಟ್ಟುಕೊಂಡು ಕೂರುವವರು ಈ ಕೊನೆಯ ಮಾತನ್ನು ಎರಡು ಸಲ ಓದಿಕೊಳ್ಳಿ. ಇ-ಪುಸ್ತಕ, ಆಡಿಯೊ, ಅನುವಾದ ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು ಬೇಕು.

ಮರುಮುದ್ರಣಕ್ಕೆ ಹಳೆಯ ಕಾದಂಬರಿ ಹುಡುಕುವಾಗ ಲೆಕ್ಕ ಸುಲಭ. ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. 1965ರಲ್ಲಿ ತೀರಿಕೊಂಡವರ ಕೃತಿಗಳು 2026ರ ಜನವರಿ 1ರಿಂದ ಎಲ್ಲರವು. ಆದರೆ ಆ ಪುಸ್ತಕಕ್ಕೆ ಬೇರೆಯವರು ಆಮೇಲೆ ಬರೆದ ಮುನ್ನುಡಿ, ಟಿಪ್ಪಣಿ, ಹೊಸ ಮುಖಪುಟದ ಚಿತ್ರ ಅದರಲ್ಲಿ ಬರುವುದಿಲ್ಲ. ಅವುಗಳ ಹಕ್ಕು ಬೇರೆ.

ಹಂತ 4: ಕ್ಯಾಲೆಂಡರನ್ನು ಹಿಂದಿನಿಂದ ತುಂಬಿ

ಬಿಡುಗಡೆಯ ದಿನದಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಕಿತ್ತೂರಿನ ಕತೆಯ ಕಾದಂಬರಿ ಇದೆ ಅಂತಿಟ್ಟುಕೊಳ್ಳಿ. ಕಿತ್ತೂರಿನವರು ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಸೋಲಿಸಿದ್ದು 1824ರ ಅಕ್ಟೋಬರ್ 23ರಂದು. ಕಿತ್ತೂರು ಉತ್ಸವವೂ ಅದೇ ಹೊತ್ತಿಗೆ ಬರುತ್ತದೆ. ಬೆನ್ನಿಗೇ ನವೆಂಬರ್, ರಾಜ್ಯೋತ್ಸವದ ಮಾರಾಟ. ಹಾಗಾಗಿ ಅಕ್ಟೋಬರ್ 23 ಒಳ್ಳೆಯ ದಿನ.

ಪುಸ್ತಕಗಳು ನಿಮ್ಮ ಕೈಗೆ ಅಕ್ಟೋಬರ್ 1ಕ್ಕೆ ಬಂದಿರಬೇಕು. ಅಂಗಡಿಗೆ ತಲುಪಿಸಲು, ವಿಮರ್ಶೆಗೆ ಕಳಿಸಲು ಮೂರು ವಾರ ಬೇಕು. ಮುದ್ರಣ, ಬೈಂಡಿಂಗ್‌ಗೆ ಮೂರು ವಾರ, ಪ್ರೆಸ್‌ನವರ ಅಡಚಣೆಗೆ ಒಂದು ವಾರ. ಹಾಗಾದರೆ ಕೊನೆಯ ಪಿಡಿಎಫ್ ಸೆಪ್ಟೆಂಬರ್ 1ಕ್ಕೆ ಹೋಗಬೇಕು. ಪುಟವಿನ್ಯಾಸ ಮತ್ತು ಎರಡು ಸುತ್ತಿನ ಕರಡಿಗೆ ಜುಲೈ, ಆಗಸ್ಟ್. ಇತಿಹಾಸ ಪರಿಶೀಲನೆ, ಸಂಪಾದನೆ, ಲೇಖಕರ ತಿದ್ದುಪಡಿಗೆ ಏಪ್ರಿಲ್‌ನಿಂದ ಜೂನ್. ಅಂದರೆ ಮಾರ್ಚ್ ಕೊನೆಗೆ ಪೂರ್ತಿ ಹಸ್ತಪ್ರತಿ ನಿಮ್ಮ ಮೇಜಿನ ಮೇಲಿರಬೇಕು. ಏಳು ತಿಂಗಳು! ಇದನ್ನು ಕೇಳಿ ಬೆಚ್ಚುವವರೇ ಜಾಸ್ತಿ. ಆದರೆ ಯಾವ ತಿಂಗಳನ್ನು ತೆಗೆಯುತ್ತೀರಿ ಹೇಳಿ? ಯಾವಾಗಲೂ ಬಲಿಯಾಗುವುದು ಏಪ್ರಿಲ್‌ನಿಂದ ಜೂನ್‌ವರೆಗಿನ ಕೆಲಸ. ಓದುಗರು ಫೋನ್ ಮಾಡುವುದೂ ಅದರಿಂದಲೇ.

ಕ್ಯಾಲೆಂಡರಿನಲ್ಲಿ ಕೆಲವು ಅಪಾಯದ ದಿನಗಳಿವೆ. ಶಾಲೆ ಶುರುವಾಗುವ ಮುಂಚೆ ಪ್ರೆಸ್‌ಗಳು ಶಾಲಾ ಪುಸ್ತಕದಲ್ಲಿ ಮುಳುಗಿರುತ್ತವೆ. ವರ್ಷದ ಕೊನೆಗೆ ಕ್ಯಾಲೆಂಡರ್, ಡೈರಿ ಕೆಲಸ. ಆಗ ಸಣ್ಣ ಪ್ರಕಾಶನದ 500 ಪ್ರತಿ ಮೂಲೆಗೆ ಬೀಳುತ್ತವೆ. ಜೋರು ಮಳೆಯ ದಿನಗಳಲ್ಲಿ ಕಾಗದ ತೇವ ಹೀರಿಕೊಳ್ಳುತ್ತದೆ, ಲ್ಯಾಮಿನೇಷನ್ ಮಾಡಿದ ಮುಖಪುಟ ಸುರುಳಿಯಾಗುತ್ತದೆ. ಮಳೆಗಾಲದಲ್ಲಿ ಅಚ್ಚು ಹಾಕಿಸಲೇಬೇಕಾದರೆ ಬೈಂಡಿಂಗ್ ಒಣಗಲು ಕೆಲವು ದಿನ ಜಾಸ್ತಿ ಕೊಡಿ.

ಸಾಹಿತ್ಯ ಸಮ್ಮೇಳನಕ್ಕೆ ಬಿಡುಗಡೆ ಕಟ್ಟಿಹಾಕಬೇಡಿ. 87ನೆಯದು ಮಂಡ್ಯದಲ್ಲಿ 2024ರ ಡಿಸೆಂಬರ್ 20ರಿಂದ 22ರವರೆಗೆ ನಡೆಯಿತು. ಪ್ರತಿ ವರ್ಷ ಅದೇ ದಿನಕ್ಕೆ ಬರುವ ಹಬ್ಬ ಅದಲ್ಲ, ದಿನಾಂಕ ಮುಂದಕ್ಕೆ ಹೋಗುತ್ತಿರುತ್ತದೆ. ಸಿಕ್ಕರೆ ಮಳಿಗೆ ಹಾಕಿ, ಮಾರಿ. ಆದರೆ ಯೋಜನೆ ಅದರ ಮೇಲೆ ನಿಲ್ಲಬಾರದು.

ಡಿಸೆಂಬರ್ ಕೊನೆಯ ವಾರದಲ್ಲಿ ಪುಸ್ತಕ ತರುವುದೂ ಬೇಡ. ಪ್ರಶಸ್ತಿಗೆ, ಗ್ರಂಥಾಲಯ ಖರೀದಿಗೆ ಅರ್ಜಿ ಹಾಕುವಾಗ ಮೊದಲ ಮುದ್ರಣದ ವರ್ಷ ಕೇಳುತ್ತಾರೆ. ಡಿಸೆಂಬರ್ 28ಕ್ಕೆ ಬಂದ ಪುಸ್ತಕ ನಾಲ್ಕು ದಿನಕ್ಕೇ ಹೋದ ವರ್ಷದ್ದಾಗುತ್ತದೆ. ಹತ್ತು ದಿನ ತಡೆದು ಜನವರಿಯಲ್ಲಿ ತಂದರೆ ಅದಕ್ಕೆ ಪೂರ್ತಿ ಒಂದು ವರ್ಷ ಸಿಗುತ್ತದೆ.

ಹಂತ 5: ಪುಟ ಕಟ್ಟುವ ಮುಂಚೆ ಇತಿಹಾಸ ನೋಡಿ

ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ಪುಟವಿನ್ಯಾಸ ಆದ ಮೇಲೆ ಒಂದು ಪ್ಯಾರಾ ಬದಲಾದರೂ ಮುಂದಿನ ಪುಟಗಳೆಲ್ಲ ಸರಿಯುತ್ತವೆ. ಪುಟ ಕಟ್ಟುವ ಡಿಟಿಪಿಯವರಿಗೆ ಮತ್ತೆ ದುಡ್ಡು, ಮತ್ತೆ ಕರಡು, ಮತ್ತೆ ಹೊಸ ತಪ್ಪು.

ಐದು ಕಾಲಂನ ಹಾಳೆ ಮಾಡಿ: ಪುಟ, ವಾಕ್ಯ, ಅನುಮಾನ, ಆಧಾರ, ತೀರ್ಮಾನ. ಕಾದಂಬರಿಯನ್ನು ಕತೆಗಾಗಿ ಒಂದು ಸಲ ಓದಿ. ಆಮೇಲೆ ಒಂದೊಂದು ಸಲಕ್ಕೆ ಒಂದೊಂದು ವಿಷಯ ಮಾತ್ರ ಹುಡುಕುತ್ತಾ ಓದಿ. ಎಲ್ಲ ಒಟ್ಟಿಗೆ ನೋಡಲು ಹೋದರೆ ಕಣ್ಣು ತಪ್ಪುತ್ತದೆ.

ಮೊದಲು ಊಟ. ಅತಿ ಹೆಚ್ಚು ತಪ್ಪು ಸಿಗುವುದು ಇಲ್ಲೇ. ಹೊಯ್ಸಳರ ಕಾಲದ ಸೈನಿಕ ರೊಟ್ಟಿ ಜೊತೆ ಹಸಿಮೆಣಸಿನಕಾಯಿ ಕಡಿಯುತ್ತಾನೆ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ, ಮೆಣಸಿನಕಾಯಿ ಪೋರ್ಚುಗೀಸರ ಹಿಂದೆ ಬಂತು. ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ, ಪರಂಗಿಹಣ್ಣು, ಸೀಬೆ, ಗೋಡಂಬಿ ಎಲ್ಲದಕ್ಕೂ ಇದೇ ಮಾತು. ಎಲೆಯಡಿಕೆ ಸರಿ, ಆದರೆ ಅದರ ಜೊತೆ ಹೊಗೆಸೊಪ್ಪು ಹಾಕಿಸಬೇಡಿ. ಹಾಳೆಯಲ್ಲಿ ತೀರ್ಮಾನ ಹೀಗಿರಲಿ: "ಮೆಣಸಿನಕಾಯಿ ತೆಗೆದು ಕರಿಮೆಣಸು ಅಥವಾ ಹಿಪ್ಪಲಿ. ಪುಟ 41, 67, 112." ಸುಮ್ನೆ "ತಪ್ಪು" ಅಂತ ಬರೆದರೆ ಲೇಖಕರಿಗೆ ಉಪಯೋಗವಿಲ್ಲ.

ಆಮೇಲೆ ಊರಿನ ಹೆಸರು. ಹೊಯ್ಸಳರ ರಾಜಧಾನಿ ದೋರಸಮುದ್ರ. ಅದು ಹಾಳಾದ ಮೇಲೆ ಬಂದ ಹೆಸರು ಹಳೇಬೀಡು. ವಿಷ್ಣುವರ್ಧನನ ಮಂತ್ರಿ "ಹಳೇಬೀಡಿಗೆ ಹೋಗಿ ಬರುತ್ತೇನೆ" ಅಂದರೆ ಅಧ್ಯಾಯವೇ ಕುಸಿಯುತ್ತದೆ. ಬಾದಾಮಿಗೆ ವಾತಾಪಿ, ಮಳಖೇಡಕ್ಕೆ ಮಾನ್ಯಖೇಟ. ಕಲ್ಯಾಣಕ್ಕೆ ಬಸವಕಲ್ಯಾಣ ಅನ್ನುವ ಹೆಸರೂ ಈಚಿನದೇ.

ಕಾಲ ಮತ್ತು ದುಡ್ಡನ್ನು ಒಟ್ಟಿಗೆ ನೋಡಬಹುದು. "ಐದು ನಿಮಿಷ ಕಾದ" ಅಂತ ಇದ್ದರೆ ಗುರುತು ಹಾಕಿ. ಒಂದು ಗಳಿಗೆ ಅಂದರೆ 24 ನಿಮಿಷ, ಒಂದು ಜಾವ ಅಂದರೆ ಮೂರು ಗಂಟೆ. ಗದ್ಯಾಣ, ಪಣ ಹೊಯ್ಸಳರಿಗೆ ಸರಿ, ವರಾಹ ವಿಜಯನಗರಕ್ಕೆ ಸರಿ. ರೂಪಾಯಿ ಶೇರ್ ಶಾ ಸೂರಿಯ ಕಾಲದ್ದು, ಹದಿನಾರನೇ ಶತಮಾನದ ನಡುಭಾಗ. ಹನ್ನೆರಡನೇ ಶತಮಾನದ ಯುದ್ಧದಲ್ಲಿ ತೋಪು ಹಾರಿಸಬೇಡಿ.

ದಿನಾಂಕ ಹೊಂದಿಸುವಾಗ ಶಕವರ್ಷಕ್ಕೆ 78 ಕೂಡಿಸಿ ಸುಮ್ಮನಾಗುತ್ತಾರೆ. ಶಕವರ್ಷ ಶುರುವಾಗುವುದು ಚೈತ್ರದಲ್ಲಿ. ಮಾಘದ ಘಟನೆ ಜನವರಿ, ಫೆಬ್ರವರಿಗೆ ಬರುತ್ತದೆ, ಅದಕ್ಕೆ 79 ಕೂಡಿಸಬೇಕು. ಸಂವತ್ಸರದ ಹೆಸರನ್ನೂ ಹೊಂದಿಸಿ ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ.

ಮಾತಿನಲ್ಲಿ ಬರುವ ಪದಗಳ ಮೇಲೂ ಕಣ್ಣಿರಲಿ. ರಾಷ್ಟ್ರಕೂಟರ ಅರಮನೆಯಲ್ಲಿ ದರ್ಬಾರು, ಖಜಾನೆ, ಸರದಾರ, ವಸೂಲಿ ಇವೆಲ್ಲ ಪಾರಸಿ ಕಡೆಯಿಂದ ಆಮೇಲೆ ಬಂದವು. ಒಡ್ಡೋಲಗ, ಭಂಡಾರ, ದಂಡನಾಯಕ ಇವೆಯಲ್ಲ? ಹೈದರ್, ಟಿಪ್ಪು ಕಾಲದ ಕತೆಯಲ್ಲಾದರೆ ಅದೇ ದರ್ಬಾರು, ಖಜಾನೆ ಬೇಕೇ ಬೇಕು.

ಆಧಾರ ಎಲ್ಲಿ ಸಿಗುತ್ತದೆ? ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು. ವಿಜಯನಗರದ ದಿನನಿತ್ಯದ ಬದುಕಿಗೆ 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಪೋರ್ಚುಗೀಸರಾದ ಕೃಷ್ಣದೇವರಾಯನ ಕಾಲದ ಪಾಯೆಸ್, ಅಚ್ಯುತರಾಯನ ಕಾಲದ ನೂನಿಜ್ ಬರೆದ ವಿವರಗಳು. ಕಂಪನಿ ಮತ್ತು ಮೈಸೂರು ಸಂಸ್ಥಾನದ ಕಾಲಕ್ಕೆ ರಾಜ್ಯ ಪತ್ರಾಗಾರ. ಬೆಂಗಳೂರಿನಲ್ಲಿದ್ದರೆ ಮಿಥಿಕ್ ಸೊಸೈಟಿಯ ಗ್ರಂಥಾಲಯ. ಹಾಳೆಯನ್ನು ಕೊನೆಗೆ ಒಬ್ಬ ಇತಿಹಾಸದ ಮೇಷ್ಟ್ರಿಗೆ ತೋರಿಸಿ. ಅವರಿಗೆ ದುಡ್ಡು ಕೊಡಿ, ಶಾಲು ಹೊದಿಸಿ ಮುಗಿಸಬೇಡಿ. ದುಡ್ಡು ಕೊಟ್ಟ ಕೆಲಸಕ್ಕೆ ಗಡುವು ಕೇಳಬಹುದು.

ಕೊನೆಗೆ ಪ್ರತಿ ಅನುಮಾನವನ್ನು ಮೂರರಲ್ಲಿ ಒಂದು ಗುಂಪಿಗೆ ಹಾಕಿ: ಒಂದು, ತಿದ್ದಲೇಬೇಕು; ಎರಡು, ಲೇಖಕರ ಇಷ್ಟ, ಆದರೆ ಅರಿಕೆಯಲ್ಲಿ ಹೇಳಬೇಕು; ಮೂರು, ಬಿಟ್ಟುಬಿಡಬಹುದು. ಕಾದಂಬರಿಕಾರರು ಇಬ್ಬರು ರಾಣಿಯರನ್ನು ಭೇಟಿ ಮಾಡಿಸಿದ್ದಾರೆ, ದಾಖಲೆ ಇಲ್ಲ. ಅದು ಎರಡನೇ ಗುಂಪು. ಯಾವುದು ದಾಖಲೆ, ಯಾವುದು ಕಲ್ಪನೆ ಅಂತ ಒಂದೂವರೆ ಪುಟದ ಅರಿಕೆ ಬರೆಸಿ. ಶರಣರು, ಮಠಗಳು, ಜಾತಿಗಳ ವಿಷಯ ಬಂದ ಪುಟಗಳನ್ನು ಒಬ್ಬ ವಕೀಲರೂ ಓದಲಿ. ಅದಕ್ಕೂ ಕ್ಯಾಲೆಂಡರಿನಲ್ಲಿ ಒಂದು ವಾರ ಇಡಿ.

ಹಂತ 6: ಅಕ್ಷರ ಜೋಡಣೆ, ಕರಡು, ಪುಟಗಳ ಲೆಕ್ಕ

ಲೇಖಕರು ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿ ಕಳಿಸಿರುತ್ತಾರೆ. ಅದನ್ನು ಯೂನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತು ಜಾಗ ಬದಲಾಯಿಸುತ್ತದೆ, ಒತ್ತಕ್ಷರ ಉದುರುತ್ತದೆ, ಉದ್ಧರಣ ಚಿಹ್ನೆಗಳು ಬೇರೇನೋ ಆಗುತ್ತವೆ. ಪೂರ್ತಿ ಕಾದಂಬರಿ ತಿರುಗಿಸುವ ಮುಂಚೆ ಐದು ಪುಟ ಮಾಡಿ ನೋಡಿ. ಯಾವ ಅಕ್ಷರ ಕೆಡುತ್ತದೆ ಅಂತ ಪಟ್ಟಿ ಮಾಡಿಕೊಂಡರೆ ಉಳಿದ ಕಡೆ ಹುಡುಕಿ ಸರಿಪಡಿಸಬಹುದು.

ಹೆಸರುಗಳ ಪಟ್ಟಿ ಮಾಡಿ ಕರಡು ತಿದ್ದುವವರ ಕೈಗೆ ಕೊಡಿ. ಶಾಂತಲೆಯೋ ಶಾಂತಲಾ ದೇವಿಯೋ, ಬಿಟ್ಟಿದೇವ ಯಾವ ಅಧ್ಯಾಯದಿಂದ ವಿಷ್ಣುವರ್ಧನ ಆಗುತ್ತಾನೆ, ಎಲ್ಲ ಅದರಲ್ಲಿರಲಿ. ಒಂದು ಸುತ್ತನ್ನಾದರೂ ಕಾಗದದ ಮೇಲೆ ಓದಿಸಿ. ಲೇಖಕರೇ ತಮ್ಮ ಕರಡು ತಿದ್ದಿದರೆ ಸಾಲದು. ಅವರ ಕಣ್ಣಿಗೆ ತಾವು ಬರೆಯಬೇಕೆಂದುಕೊಂಡದ್ದೇ ಕಾಣುತ್ತದೆ.

ಆಫ್‌ಸೆಟ್‌ನಲ್ಲಿ (ಪ್ಲೇಟ್ ಮಾಡಿ ಅಚ್ಚು ಹಾಕುವ ವಿಧಾನ) ಡೆಮಿ 1/8 ಅಳತೆಯ ಪುಸ್ತಕ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತದೆ, ಒಂದು ಫಾರಂ ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟ. 304 ಪುಟ ಅಂದರೆ ಸರಿಯಾಗಿ 19 ಫಾರಂ. 306 ಆದರೆ ಇಪ್ಪತ್ತನೇ ಫಾರಂನಲ್ಲಿ 14 ಪುಟ ಖಾಲಿ. ಆಗ ಅರಿಕೆ ಸ್ವಲ್ಪ ಚಿಕ್ಕದು ಮಾಡಿ, ಇಲ್ಲವೇ ಖಾಲಿ ಪುಟದಲ್ಲಿ ನಕ್ಷೆ, ವಂಶವೃಕ್ಷ ಹಾಕಿ. ಐತಿಹಾಸಿಕ ಕಾದಂಬರಿ ಓದುವವರು ನಕ್ಷೆ ಕೇಳುತ್ತಲೇ ಇರುತ್ತಾರೆ.

ಹಂತ 7: ಕಾಗದಪತ್ರ

ಇದು ಬೇಗ ಮುಗಿಯುವ ಕೆಲಸ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಕೊಡುವುದು ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಸಂಸ್ಥೆ. ಆನ್‌ಲೈನ್ ಅರ್ಜಿ, ಶುಲ್ಕವಿಲ್ಲ. ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಕಾಗದದ ಹೊದಿಕೆ, ಗಟ್ಟಿ ರಟ್ಟು, ಇ-ಪುಸ್ತಕ ಮೂರಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. ವರ್ಷಕ್ಕೆ ಬೇಕಾದಷ್ಟನ್ನು ಜನವರಿಯಲ್ಲೇ ಕೇಳಿಟ್ಟುಕೊಳ್ಳಿ.

ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಈ ನಾಲ್ಕು ಪ್ರತಿ ಗೌರವ ಪ್ರತಿಗಳ ಲೆಕ್ಕದಲ್ಲಿ ಇರಲಿ. ರಾಜ್ಯದ ಗ್ರಂಥಾಲಯ ಇಲಾಖೆಯ ಪ್ರಕಟಣೆ ಬಂದಾಗ ಓಡಾಡುವ ಬದಲು, ಪ್ರತಿ ಪುಸ್ತಕಕ್ಕೂ ಒಂದು ಫೈಲು ಮಾಡಿ ಬಿಲ್ಲು, ಒಪ್ಪಂದ, ಐಎಸ್‌ಬಿಎನ್ ಪತ್ರ ಎಲ್ಲ ಒಂದೇ ಕಡೆ ಇಡಿ.

ಹಂತ 8: ಓದುಗರಿಗೆ ಯಾವಾಗ ಹೇಳಬೇಕು

ಮುಂಗಡ ಬುಕಿಂಗ್ ತೆರೆಯುವುದು ಪಿಡಿಎಫ್ ಪ್ರೆಸ್‌ಗೆ ಹೋದ ದಿನ. ಅದಕ್ಕೆ ಮುಂಚೆ ಬೇಡ. ದುಡ್ಡು ಕೊಟ್ಟು ನಾಲ್ಕು ತಿಂಗಳು ಕಾದ ಓದುಗ ಮತ್ತೆ ಬರುವುದು ಕಷ್ಟ. ವರ್ಷದ ಮೂರೂ ಪುಸ್ತಕಕ್ಕೆ ಒಟ್ಟಿಗೆ ಚಂದಾ ತಗೊಳ್ಳುತ್ತೀರಾದರೆ ಮೂರೂ ಹಸ್ತಪ್ರತಿ ಕೈಲಿರಬೇಕು. ಚಂದಾ ದುಡ್ಡನ್ನು ಬೇರೆ ಖಾತೆಯಲ್ಲಿಡಿ.

ಅಂಚೆ ಇಲಾಖೆಯ ಹಳೆಯ ಬುಕ್ ಪೋಸ್ಟ್ ದರ ಈಗ ಇಲ್ಲ. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. ಶುರುವಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ನಿಮ್ಮ ಕಾದಂಬರಿ ಇದರಡಿ ಹೋಗುತ್ತದೆಯೇ ಅಂತ ಕೌಂಟರಿನಲ್ಲಿ ಮೊದಲೇ ಕೇಳಿಕೊಂಡು ಅಂಚೆ ವೆಚ್ಚ ನಿಗದಿ ಮಾಡಿ. ಡಮ್ಮಿ ಪ್ರತಿಯನ್ನು (ಅಷ್ಟೇ ಪುಟಗಳ ಖಾಲಿ ಮಾದರಿ) ಪ್ಯಾಕಿಂಗ್ ಸಮೇತ ತೂಗಿ ನೋಡಿ. ಹತ್ತು ಗ್ರಾಂ ಜಾಸ್ತಿಯಾದರೂ ಮುಂದಿನ ದರಕ್ಕೆ ಹೋಗುತ್ತದೆ.

ಹಂತ 9: ಮೂರು ತಿಂಗಳಿಗೊಮ್ಮೆ ನಿಂತು ನೋಡಿ

ಮಾರ್ಚ್, ಜೂನ್, ಸೆಪ್ಟೆಂಬರ್ ಕೊನೆಗೆ ಅರ್ಧ ದಿನ ಕೂತು ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಈ ಸೂಚನೆಗಳು ಕಂಡರೆ ಯೋಜನೆ ಜಾರುತ್ತಿದೆ ಅಂತ ಅರ್ಥ:

ಲೇಖಕರು ಪುಟವಿನ್ಯಾಸ ಆದ ಮೇಲೆ ಹೊಸ ಅಧ್ಯಾಯ ಕಳಿಸುತ್ತಿದ್ದಾರೆ.

ಪರಿಶೀಲನೆಯ ಹಾಳೆಯಲ್ಲಿ ತೀರ್ಮಾನದ ಕಾಲಂ ಖಾಲಿ ಇದೆ, ಆದರೆ ಮುಖಪುಟ ಸಿದ್ಧವಾಗಿದೆ.

ಒಂದು ಪುಸ್ತಕದ ಚಂದಾ ದುಡ್ಡಿನಲ್ಲಿ ಇನ್ನೊಂದರ ಪ್ರೆಸ್ ಬಿಲ್ಲು ಕಟ್ಟಿದ್ದೀರಿ.

ಪ್ರೆಸ್‌ನವರು "ಕಳಿಸಿ, ನೋಡೋಣ" ಅನ್ನುತ್ತಿದ್ದಾರೆ, ದಿನಾಂಕ ಹೇಳುತ್ತಿಲ್ಲ.

ಮೊದಲೆರಡು ಕಂಡರೆ ಆ ಪುಸ್ತಕವನ್ನು ಮುಂದಿನ ಸರದಿಗೆ ತಳ್ಳಿ, ಲೇಖಕರಿಗೆ ಅದೇ ದಿನ ಫೋನ್ ಮಾಡಿ ಕಾರಣ ಹೇಳಿ. ಮೂರನೆಯದು ಕಂಡರೆ ವರ್ಷದ ಕೊನೆಯ ಪುಸ್ತಕವನ್ನು ಪಟ್ಟಿಯಿಂದ ತೆಗೆಯಿರಿ. ಅದಕ್ಕೆ ಚಂದಾ ಕೊಟ್ಟವರಿಗೆ ದುಡ್ಡು ವಾಪಸ್ ಮಾಡಿ, ಇಲ್ಲವೇ ನಿಮ್ಮ ಬಳಿ ಇರುವ ಬೇರೆ ಪುಸ್ತಕ ಬೇಕೇ ಅಂತ ಕೇಳಿ. ನಾಲ್ಕನೆಯದು ಕಂಡರೆ ಎರಡನೇ ದರಪಟ್ಟಿ ಕೊಟ್ಟ ಪ್ರೆಸ್‌ಗೆ ಅವತ್ತೇ ಹೋಗಿ. ಆಫ್‌ಸೆಟ್‌ಗೆ ಅಲ್ಲೂ ದಿನ ಸಿಗದಿದ್ದರೆ ಬಿಡುಗಡೆಗೆ ಬೇಕಾದ 100 ಪ್ರತಿಯನ್ನು ಡಿಜಿಟಲ್‌ನಲ್ಲಿ ಅಚ್ಚು ಹಾಕಿಸಿ. ಪ್ರತಿಗೆ ಖರ್ಚು ಜಾಸ್ತಿ ಬೀಳುತ್ತದೆ, ಆದರೆ ಹೇಳಿದ ದಿನ ಪುಸ್ತಕ ಮೇಜಿನ ಮೇಲಿರುತ್ತದೆ. ಉಳಿದ 400 ಪ್ರತಿ ಆಫ್‌ಸೆಟ್‌ನಲ್ಲಿ ಆಮೇಲೆ ಬರಲಿ. ಅಷ್ಟರಲ್ಲಿ ಮೊದಲ ಓದುಗರು ಹಿಡಿದ ಅಚ್ಚಿನ ತಪ್ಪುಗಳನ್ನೂ ಅದರಲ್ಲಿ ತಿದ್ದಿಕೊಳ್ಳಬಹುದು.